ಕೊಟ್ಟ ಮರದ ನೆರಳು

ಆ ಊರಿನಲ್ಲಿ ತನ್ನದು ಅನ್ನುವ ಯಾವುದಕ್ಕೂ ನೆರಳಿರಲಿಲ್ಲ.

ಬಿಸಿಲು ಎಲ್ಲ ಊರುಗಳ ಹಾಗೆ ಅಲ್ಲಿಯೂ ಬೀಳುತ್ತಿತ್ತು, ನಿಜ ಹೇಳಬೇಕೆಂದರೆ ಒಂದು ಹಿಡಿ ಹೆಚ್ಚೇ ಬೀಳುತ್ತಿತ್ತು. ಆದರೆ ನನ್ನ ಗೋಡೆ, ನನ್ನ ಮಾಳಿಗೆ, ನನ್ನ ಮಾವಿನಗಿಡ, ನನ್ನ ಕೊಡೆ ಎಂದು ಯಾರು ಏನೇ ಅಂದುಕೊಂಡರೂ ಬಿಸಿಲು ಅದಕ್ಕೆಲ್ಲ ಕಿವಿಗೊಡುತ್ತಿರಲಿಲ್ಲ. ಜರಡಿಯಿಂದ ಹಿಟ್ಟು ಇಳಿಯುವ ಹಾಗೆ ಸೀದಾ ನೆತ್ತಿಗೆ ಇಳಿಯುತ್ತಿತ್ತು. ಮಾಳಿಗೆ ಮಳೆಯನ್ನು ತಡೆಯುತ್ತಿತ್ತು, ಕಳ್ಳನನ್ನು ತಡೆಯುತ್ತಿತ್ತು, ಬೀಗರ ಕಣ್ಣನ್ನೂ ತಡೆಯುತ್ತಿತ್ತು; ಬಿಸಿಲನ್ನು ಮಾತ್ರ ತಡೆಯುತ್ತಿರಲಿಲ್ಲ. ಮನುಷ್ಯರ ಗತಿಯೂ ಅಷ್ಟೇ. ನಾನು ನನ್ನವನು ಎಂದು ಎದೆ ಸೆಟೆಸಿಕೊಂಡು ನಡೆಯುವ ಯಾರ ಹಿಂದೆಯೂ ನೆರಳು ನಡೆಯುತ್ತಿರಲಿಲ್ಲ. ಹುಟ್ಟಿದಾಗಿನಿಂದ ಹಾಗೆಯೇ ಇದ್ದವರಿಗೆ ಅದೊಂದು ಕೊರತೆ ಅನ್ನಿಸುತ್ತಲೂ ಇರಲಿಲ್ಲ.

ನೆರಳಿದ್ದದ್ದು ಕೊಟ್ಟದ್ದಕ್ಕೆ. ದೇವರ ಹೆಸರಿನಲ್ಲಿ, ತಿರುಗಿ ಕೇಳದ ಹಾಗೆ, ಮನಸ್ಸಿನಿಂದಲೂ ಬಿಟ್ಟು ಕೊಟ್ಟದ್ದಕ್ಕೆ. ಅಂಥ ಕೊಡುಗೆಯನ್ನು ಊರವರು ವಕ್ಫ್ ಅನ್ನುತ್ತಿದ್ದರು. ಒಮ್ಮೆ ವಕ್ಫ್ ಆಯಿತೆಂದರೆ ಅದನ್ನು ಮಾರುವ ಹಾಗಿಲ್ಲ, ಮಕ್ಕಳಿಗೆ ಹಂಚುವ ಹಾಗಿಲ್ಲ, ಕೊಟ್ಟವನೇ ಬಂದು ಅತ್ತು ಕರೆದರೂ ಹಿಂದಕ್ಕೆ ಕೊಡುವ ಹಾಗಿಲ್ಲ. ಬುಡ ನಿಂತಿರಬೇಕು, ಫಲ ನಡೆಯುತ್ತಿರಬೇಕು. ಹಾಗೆ ಕೊಟ್ಟಿದ್ದರಿಂದ ಮಸೀದಿಗೆ ನೆರಳಿತ್ತು, ಬಾವಿಕಟ್ಟೆಗೆ ನೆರಳಿತ್ತು, ದಾರಿಹೋಕರ ಛತ್ರಕ್ಕೆ ನೆರಳಿತ್ತು. ಎಲ್ಲಕ್ಕಿಂತ ದೊಡ್ಡ ನೆರಳು ಊರ ನಡುವಿನ ಹುಣಸೆ ತೋಪಿನದು.

ಬೆಳಗಿನ ಬಿಸಿಲು ಏರುತ್ತಿದ್ದಂತೆ ಊರಿಗೆ ಊರೇ ಕಸುಬು ಹೊತ್ತುಕೊಂಡು ತೋಪಿಗೆ ಬರುತ್ತಿತ್ತು. ಪಿಂಜಾರ ಬಿಲ್ಲಿನಿಂದ ಹತ್ತಿ ಹಿಂಜುತ್ತಿದ್ದ. ಪಾತ್ರೆಗೆ ಕಲಾಯಿ ಹಾಕುವವನು ತಿದಿ ಒತ್ತುತ್ತಿದ್ದ. ಕಂಬಳಿ ನೇಯುವವರು ಮರದಿಂದ ಮರಕ್ಕೆ ಉಣ್ಣೆನೂಲಿನ ಹಾಸು ಕಟ್ಟುತ್ತಿದ್ದರು. ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಮಕ್ಕಳು ಅಕ್ಷರ ಕಲಿಯುತ್ತಿದ್ದರು, ಖಾಜಿ ನ್ಯಾಯ ಹೇಳುತ್ತಿದ್ದರು, ಮುದುಕರು ಯಾವ ಕಸುಬೂ ಇಲ್ಲದೆ ಬಂದು ಎಲ್ಲರ ಕಸುಬಿನಲ್ಲಿಯೂ ತಪ್ಪು ಹುಡುಕುತ್ತಿದ್ದರು. ತೋಪಿನ ನೆರಳು ಒಂದು ಗೇಣು ಸರಿದರೆ ಊರಿನ ವ್ಯಾಪಾರವೂ ಒಂದು ಗೇಣು ಸರಿದು ಕೂರುತ್ತಿತ್ತು.

ತೋಪನ್ನು ಕೊಟ್ಟವಳು ಮೊದಲ ಬೀಬಿ. ಆಕೆಯನ್ನು ಕಂಡವರು ಯಾರೂ ಉಳಿದಿರಲಿಲ್ಲ. ಕೊನೆಗಾಲದಲ್ಲಿ ಆಕೆಗೆ ತನ್ನದು ಅನ್ನುವುದು ಏನೂ ಉಳಿದಿರಲಿಲ್ಲವಂತೆ, ಆಗ ಆಕೆಯ ಮೈಗೇ ನೆರಳು ಬಂತಂತೆ, ಆಕೆ ಬೀದಿಯಲ್ಲಿ ನಡೆದರೆ ಊರ ಕೋಳಿಗಳೆಲ್ಲ ಆ ನೆರಳಿನೊಳಗೇ ಸಾಲು ಹಿಡಿದು ಬರುತ್ತಿದ್ದವಂತೆ. ಕೋಳಿಯ ಮಾತನ್ನು ನಂಬದವರು ಊರಲ್ಲಿದ್ದರು. ನೆರಳಿನ ಮಾತನ್ನು ನಂಬದವರು ಇರಲಿಲ್ಲ.

ಈಗ ತೋಪನ್ನು ಕಾಯುತ್ತಿದ್ದವಳು ಒಬ್ಬ ಹೆಂಗಸು. ವಕ್ಫನ್ನು ಕಾಯುವವರಿಗೆ ಮುತವಲ್ಲಿ ಎಂದು ಹೆಸರು. ಅಪ್ಪನ ನಂತರ ಆ ಹೆಸರು ಆಕೆಗೆ ಬಂದಿತ್ತು. ಅಪ್ಪ ಸಾಯುವಾಗ ಆಕೆಯ ಬಲಗೈ ಹಿಡಿದು, ಅಂಗೈಯನ್ನು ಕೆಳಮುಖ ಮಾಡಿ, "ಕಾಯೋರ ಕೈ ಯಾವತ್ತಿದ್ರೂ ಮ್ಯಾಲಿಂದ ಕೆಳಗ ಬರಬೇಕು ಬೇಟಿ. ಕೆಳಗಿಂದ ಮ್ಯಾಲ ಹೋಗಬಾರದು" ಎಂದಿದ್ದ. ಆಕೆ ಅದನ್ನು ಮರೆತಿರಲಿಲ್ಲ. ಯಾರ ಮನೆಯ ಬಾಗಿಲಲ್ಲಿಯೂ ಒಂದು ಚಿಟಿಕೆ ಉಪ್ಪಿಗೂ ನಿಂತವಳಲ್ಲ. ಬಡತನವಿತ್ತು, ಆದರೆ ಬೆನ್ನು ನೆಟ್ಟಗಿತ್ತು. ಆ ನೆಟ್ಟಗಿನ ಬೆನ್ನೊಂದೇ ತನ್ನ ಆಸ್ತಿ ಎಂದು ಆಕೆಗೆ ಗೊತ್ತಿತ್ತು, ಅದರ ಬಗ್ಗೆ ಒಳಗೊಳಗೇ ಜಂಬವೂ ಇತ್ತು. ಜಂಬದ ಪಕ್ಕದಲ್ಲಿಯೇ ಒಂದು ನೋವೂ ಕೂತಿತ್ತು: ಬೇರೆಯವರು ಕೊಟ್ಟದ್ದನ್ನು ನಾನು ಕಾದೆ, ನಾನು ಕೊಟ್ಟದ್ದೇನು?

ಪ್ರತಿ ಶುಕ್ರವಾರ ನಮಾಜಿನ ನಂತರ ಪಾಲಿನ ಹೊತ್ತು. ಕೆಳಗೆ ಬಿದ್ದ ಹುಣಸೆಹಣ್ಣನ್ನೆಲ್ಲ ಗುಡ್ಡೆ ಹಾಕಿ ಆಕೆ ನಿಲ್ಲುತ್ತಿದ್ದಳು, ಎದುರಿಗೆ ಪಾಲಿನ ಓಣಿಯವರು ನಿಲ್ಲುತ್ತಿದ್ದರು. ಊರಿನಲ್ಲಿ ಎರಡು ಹೊತ್ತಿನ ಒಲೆ ಉರಿಯದ ಮನೆಗಳೆಲ್ಲ ಆ ಓಣಿಯಲ್ಲಿದ್ದವು. ಯಾವ ಜಾತಿ, ಯಾವ ಮತ ಎಂದು ಮೊದಲ ಬೀಬಿ ಕೇಳಿರಲಿಲ್ಲ, ಆಮೇಲೆ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕಾಯುವವಳು ಮೊದಲ ಬೀಬಿಯ ಮಾತನ್ನು ಗಟ್ಟಿಯಾಗಿ ಹೇಳುತ್ತಿದ್ದಳು:

"ಬುಡ ಅಲ್ಲಾಹನದು. ಫಲ ಹಸಿದವರದು. ಕಾಯುವ ಕೈಯಲ್ಲಿ ಒಂದು ಬೀಜವೂ ನಿಲ್ಲಬಾರದು. ಕೊಟ್ಟದ್ದನ್ನು ಎಣಿಸಬಾರದು."

ಹೇಳಿ, ಹಂಚಿ, ಆಮೇಲೆ ಪೊರಕೆ ಹಿಡಿದು ತೋಪನ್ನು ಗುಡಿಸುತ್ತಿದ್ದಳು. ಬೇರಿನ ಸಂದಿಯಲ್ಲಿ ಸಿಕ್ಕ ಬೀಜವನ್ನೂ ಕಡ್ಡಿಯಿಂದ ಕೆದರಿ ತೆಗೆದು, ಕೊನೆಗೆ ನಿಂತವರ ಸೆರಗಿಗೆ ಹಾಕುತ್ತಿದ್ದಳು. ಒಂದು ಬೀಜ ನೆಲದಲ್ಲಿ ಉಳಿದರೂ ಅದು ಹಸಿದವರ ಋಣ. ಎಲ್ಲ ಮುಗಿದ ಮೇಲೆ ಎರಡೂ ಅಂಗೈ ಕೊಡವಿ ಜನರಿಗೆ ತೋರಿಸುತ್ತಿದ್ದಳು. ಬರಿಗೈ. ಆಗ ಎಲ್ಲರೂ ಆಮೀನ್ ಅನ್ನುತ್ತಿದ್ದರು.

ಓಣಿಯವರು ಹಣ್ಣನ್ನು ಸಾರಿಗೆ, ಮಾರಾಟಕ್ಕೆ ಬಳಸುತ್ತಿದ್ದರು. ಬೀಜವನ್ನೂ ಬಿಡುತ್ತಿರಲಿಲ್ಲ. ಹುರಿದರೆ ಮಕ್ಕಳ ಬಾಯಿಗಾಗುತ್ತಿತ್ತು, ಬೇಯಿಸಿ ಅರೆದರೆ ಕಂಬಳಿಗೆ ಹಾಕುವ ಗಂಜಿಯಾಗುತ್ತಿತ್ತು. ಆ ಗಂಜಿಯಿಂದಲೇ ಆ ಊರಿನ ಕಂಬಳಿ ತಗಡಿನ ಹಾಗೆ ನಿಲ್ಲುತ್ತದೆ ಎಂದು ಹೊರ ಊರುಗಳಲ್ಲಿ ಹೆಸರಿತ್ತು. ಒಟ್ಟಿನಲ್ಲಿ ಆ ತೋಪಿನದು ಏನೂ ಹಾಳಾಗುತ್ತಿರಲಿಲ್ಲ, ಒಂದು ಬೀಜ ಕೂಡ. ಎಂಥ ಪ್ರಾಮಾಣಿಕತೆ ಎಂದು ಊರು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತಿತ್ತು. ಅಷ್ಟು ದೊಡ್ಡ ತಪ್ಪನ್ನು ಅಷ್ಟು ಶುದ್ಧವಾದ ಕೈಗಳಿಂದ ಮಾಡಲು ಆ ಊರಿನವರಿಗಲ್ಲದೆ ಬೇರೆಯವರಿಗೆ ಆಗುತ್ತಿರಲಿಲ್ಲ.

ಒಂದು ದಿನ ಗಾಳಿಯಿಲ್ಲದ ಹೊತ್ತಿನಲ್ಲಿ ಒಂದು ಮರ ಬಿತ್ತು.

ಸದ್ದೇ ಇಲ್ಲದೆ, ಮುದುಕರು ಗೋಡೆ ಹಿಡಿದು ಕೂರುವ ಹಾಗೆ ಮೆಲ್ಲಗೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅದರ ಕೆಳಗಿದ್ದ ಪಿಂಜಾರನ ಮೇಲೆ ಬಿಸಿಲು ಬಂದು ನಿಂತಿತು. ಅವನು ಬಿಲ್ಲು ಎತ್ತಿಕೊಂಡು ಪಕ್ಕದ ಮರಕ್ಕೆ ಸರಿದ. ಅಲ್ಲಿ ಕಲಾಯಿಯವನು ಸ್ವಲ್ಪ ಸರಿದ. ಅವನ ಆಚೆಗೆ ರೊಟ್ಟಿ ಬಡಿಯುವವರು ಸರಿದರು. ಹೀಗೆ ಸರಿದು ಸರಿದು, ಅಂಚಿನಲ್ಲಿದ್ದ ಉಣ್ಣೆ ತೊಳೆಯುವ ಮುದುಕಿ ಬಿಸಿಲಿಗೆ ಬಿದ್ದಳು. ಆಗ ಎಲ್ಲರೂ ಮೊದಲ ಸಲ ತಲೆಯೆತ್ತಿ ತೋಪನ್ನು ನೋಡಿದರು.

ಮರಗಳೆಲ್ಲ ಒಂದೇ ವಯಸ್ಸಿನವು. ಎಲ್ಲವೂ ಮೊದಲ ಬೀಬಿ ನೆಟ್ಟವು. ಒಳಗೆ ಟೊಳ್ಳು, ಮೇಲೆ ಒಣಕೊಂಬೆ. ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ ಎಂದು ಗಾದೆ ಹೇಳಿಕೊಂಡು ಓಡಾಡಿದವರು ಹುಳಿಯನ್ನಷ್ಟೇ ನೋಡಿದ್ದರು, ಮುಪ್ಪನ್ನು ನೋಡಿರಲಿಲ್ಲ. ಒಂದು ಕಾಲದಲ್ಲಿ ತೋಪು ಬಾವಿಯ ತನಕ ಇತ್ತೇ, ಇನ್ನೂ ಆಚೆಗಿತ್ತೇ? ಯಾರಿಗೂ ಗೊತ್ತಿಲ್ಲ. ಕೊಟ್ಟದ್ದನ್ನು ಎಣಿಸಬಾರದಲ್ಲ. ಎಳೆಯ ಗಿಡ ಒಂದೂ ಇರಲಿಲ್ಲ. ಎಲ್ಲಿಂದ ಇರಬೇಕು? ಬೀಜವೆಲ್ಲ ಪ್ರತಿ ಶುಕ್ರವಾರ ಗುಡಿಸಿ ಹಂಚಿ ಹೋಗಿತ್ತು. ಊರಿನಲ್ಲಿ ಬೇರೆಲ್ಲಿಯೂ ಹುಣಸೆ ಇರಲಿಲ್ಲ. ಈಚೆಗೆ ಹೊಸದಾಗಿ ಏನನ್ನಾದರೂ ವಕ್ಫ್ ಮಾಡಿದವರೂ ಇರಲಿಲ್ಲ; ಅಜ್ಜಿ ಕೊಟ್ಟ ನೆರಳು ಬೇಕಾದಷ್ಟಿರುವಾಗ ಮೊಮ್ಮಕ್ಕಳು ಯಾಕೆ ಕೊಟ್ಟಾರು?

ಕಾಯುವವಳು ಬಿದ್ದ ಮರದ ಪಕ್ಕದಲ್ಲಿ ನಿಂತು ತನ್ನ ಖಾಲಿ ಅಂಗೈಗಳನ್ನು ನೋಡಿಕೊಂಡಳು. ಆಕೆಗೆ ಭಯವಾಯಿತು. ಸತ್ತ ಮೇಲೆ ಕಾಯುವವರನ್ನು ಒಂದೇ ಪ್ರಶ್ನೆ ಕೇಳುತ್ತಾರೆ ಎಂದು ಆ ಊರಿನ ನಂಬಿಕೆ. ಫಲ ಯಾರು ತಿಂದರು ಎಂದಲ್ಲ. ಬುಡ ಎಲ್ಲಿ ಎಂದು. ಅಪ್ಪನ ಕಾಲದಲ್ಲಿ, ಅಜ್ಜನ ಕಾಲದಲ್ಲಿ ಸವೆದದ್ದು ತನ್ನ ಕಾಲದಲ್ಲಿ ಮುರಿದು ಬೀಳುತ್ತದೆ, ಉತ್ತರ ಹೇಳಬೇಕಾದವಳು ತಾನು.

ಅವತ್ತು ಸಂಜೆಯೇ ಇಟ್ಟಂಗಿ ಭಟ್ಟಿಯ ಸಾಹುಕಾರ ತೋಪಿಗೆ ಬಂದ. ತೋಪಿನ ಅಂಚಿಗೆ ಅವನ ಭಟ್ಟಿ. ಸುಟ್ಟ ನೆಲ, ಬೂದಿಯ ರಾಶಿ, ನಡುವೆ ಎತ್ತರದ ಹೊಗೆಗೂಡು. ಊರಿನ ಎಲ್ಲದಕ್ಕಿಂತ ಎತ್ತರ, ಆದರೆ ಒಂದು ಇರುವೆಗಾಗುವಷ್ಟು ನೆರಳೂ ಅದಕ್ಕಿರಲಿಲ್ಲ. ಸಾಹುಕಾರ ಕೆಟ್ಟವನಲ್ಲ. ಅವನದೂ ಒಂದು ಕಥೆಯಿತ್ತು. ಹಿಂದೊಮ್ಮೆ ತನ್ನ ಮಾವಿನ ತೋಟದ ಒಂದು ಮರವನ್ನು ವಕ್ಫ್ ಮಾಡುತ್ತೇನೆಂದು ಊರನ್ನೆಲ್ಲ ಕರೆದು, ಬುಡದಲ್ಲಿ ತನ್ನ ಹೆಸರಿನ ಕಲ್ಲು ನೆಡಿಸಿ, ಎಲ್ಲರಿಗೂ ಶರಬತ್ತು ಕುಡಿಸಿದ್ದ. ಜನ ಲೋಟ ಹಿಡಿದು ಮರದ ಕೆಳಗೆ ಮಧ್ಯಾಹ್ನದ ತನಕ ಕಾದರು. ನೆರಳು ಬರಲಿಲ್ಲ. ಶರಬತ್ತು ಬಿಸಿಯಾಯಿತು. ಯಾರೋ ಮುದುಕ, "ಸಾವ್ಕಾರ್ರು ಬಾಯಿಲೆ ಕೊಟ್ರು, ಕಲ್ಲಿಲೆ ಇಟ್ಕೊಂಡ್ರು" ಅಂದ. ಆ ನಗು ಸಾಹುಕಾರನ ಎದೆಯಲ್ಲಿ ಇನ್ನೂ ಮುಳ್ಳಾಗಿತ್ತು.

"ಬೀಬಿ, ನಾ ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ" ಅಂದ ಸಾಹುಕಾರ. "ಇವತ್ತ ಒಂದ್ ಬಿತ್ತು, ನಾಳಿಗಿ ಎಲ್ಲಾ ಬೀಳ್ತಾವ. ಬಿದ್ದಮ್ಯಾಲ ಗೆದ್ದಲಿಗಿ ಹೋಗೋದು ಈಗ ನನ್ನ ಭಟ್ಟಿಗಿ ಬರಲಿ. ಅದರ ಬದ್ಲಿ ಇಲ್ಲೇ ತಗಡಿನ ದೊಡ್ಡ ಚಪ್ಪರ ಹಾಕಸ್ತೀನಿ. ಇಡೀ ಊರು ಕೂಡ್ರಬೌದು."

"ಆ ಚಪ್ಪರ ಯಾರದು?"

"ನಂದ. ನಾ ಹಾಕಸೂದು ಅಂದಮ್ಯಾಲ ನಂದ ಅಲ್ಲೇನ್ರಿ?"

"ಹಂಗಾರ ಅದಕ್ಕ ನೆರಳ ಎಲ್ಲಿಂದ ಬರ್ತೈತಿ ಸಾವ್ಕಾರ್ರ?"

ಕೂತವರೆಲ್ಲ ನಕ್ಕರು. ಸಾಹುಕಾರನ ಮುಖ ಕಪ್ಪಿಟ್ಟಿತು. ಹೋಗುವಾಗ ತಿರುಗಿ ನಿಂತು, ದನಿ ಏರಿಸದೆ ಅಂದ: "ನಗ್ರಿ. ಆದ್ರ ಬೀಬಿ, ನೀವು ಬುಡಾ ಕಾಯಾಕತ್ತಿಲ್ಲ. ಹೆಣಾ ಕಾಯಾಕತ್ತೀರಿ."

ನಗು ನಿಂತುಹೋಯಿತು. ಅವನು ಹೇಳಿದ್ದು ನಿಜವೆಂದು ಕಾಯುವವಳಿಗೆ ಗೊತ್ತಿತ್ತು, ಅದಕ್ಕೇ ಅದು ಚುಚ್ಚಿತು.

ಮುಂದಿನ ಶುಕ್ರವಾರ ಆಕೆ ಒಂದು ಕೆಲಸ ಮಾಡಿದಳು. ಹಣ್ಣು ಹಂಚುವಾಗ ಕಪ್ಪಗೆ ಹೊಳೆಯುವ ಒಂದು ಬೀಜವನ್ನು ಓಢಣಿಯ ತುದಿಯ ಚುಂಗಿಗೆ ಗಂಟು ಹಾಕಿಕೊಂಡಳು. ತಿನ್ನಲಿಕ್ಕಲ್ಲ, ಮಾರಲಿಕ್ಕಲ್ಲ. ನೆಡಲಿಕ್ಕೆ. ತೋಪಿನ ಬೀಜ ತೋಪಿನ ನೆಲಕ್ಕೆ ಹೋದರೆ ಯಾರ ಗಂಟು ಹೋಗುತ್ತದೆ ಎಂದು ತನಗೆ ತಾನೇ ನ್ಯಾಯ ಹೇಳಿಕೊಂಡಳು. ಗುಡಿಸಿದಳು. ಎರಡೂ ಅಂಗೈ ಕೊಡವಿ ತೋರಿಸಿದಳು.

ಆಮೀನ್ ಅನ್ನಲು ಜನ ಬಾಯಿ ತೆರೆಯುವಷ್ಟರಲ್ಲಿ ನೆರಳು ಹೋಯಿತು.

ಆಕೆ ನಿಂತ ಮರದ್ದು ಮೊದಲು, ಆಮೇಲೆ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಎಲೆ ಇದ್ದ ಹಾಗೆಯೇ ಇತ್ತು, ಕೊಂಬೆ ಇದ್ದ ಹಾಗೆಯೇ ಇತ್ತು. ಬಿಸಿಲು ಮಾತ್ರ ಅವು ಇಲ್ಲವೇ ಇಲ್ಲ ಎನ್ನುವ ಹಾಗೆ ಇಳಿಯಿತು. ಪಿಂಜಾರನ ಹತ್ತಿ ಕಣ್ಣು ಕುಕ್ಕಿತು. ರೊಟ್ಟಿಯ ಹಿಟ್ಟು ಕೈಯಲ್ಲೇ ಒಣಗಿತು. ಹಾಲು ಕುಡಿಯುವ ಕೂಸೊಂದು ಅಳತೊಡಗಿತು. ಜನ ಮೇಲೆ ನೋಡಿದರು. ಆಮೇಲೆ ಆಕೆಯನ್ನು ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳಿ ಅನ್ನುವ ಮೊದಲೇ ಆಕೆಯ ಕೈ ಚುಂಗಿನ ಗಂಟಿನ ಮೇಲೆ ಹೋಗಿತ್ತು.

ಆಕೆ ಗಂಟು ಬಿಚ್ಚಿದಳು. ಕೊನೆಗೆ ನಿಂತಿದ್ದ ಉಣ್ಣೆ ತೊಳೆಯುವ ಮುದುಕಿಯ ಸೆರಗಿಗೆ ಬೀಜವನ್ನು ಹಾಕಿದಳು. ನೆರಳು ತಿರುಗಿ ಬಂತು, ಕೊಡದಲ್ಲಿ ನೀರು ಏರುವ ಹಾಗೆ ನಿಧಾನಕ್ಕೆ. ಆದರೆ ಆಮೀನ್ ಬರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂದು ಯಾರೋ ಹಿಂದಿನಿಂದ ಗೊಣಗಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಆಕೆಯದು ಅಡಿಕೆಗಿಂತ ಚಿಕ್ಕದಕ್ಕೆ ಹೋಯಿತು.

ಎಲ್ಲರೂ ಎದ್ದು ಹೋದ ಮೇಲೆ ಆಕೆ ಬಿದ್ದ ಮರಕ್ಕೆ ಒರಗಿ ಕೂತು ಅತ್ತಳು. ಅಳುತ್ತಲೇ ಕಣ್ಣು ಹತ್ತಿತು. ಆ ಜೊಂಪಿನಲ್ಲಿ ಮೊದಲ ಬೀಬಿ ಬಂದಳು. ಹಿಂದೆ ಕೋಳಿಗಳ ಸಾಲು. ಬೀಬಿ ಬಾಗಿ, ಕೈಯನ್ನು ಆಕೆಯ ಮುಂದೆ ಚಾಚಿದಳು, ಅಂಗೈ ಮೇಲಾಗಿ. ಬೇಡುವವರ ಹಾಗೆ.

"ನನ್ನ ಹತ್ರ ಏನೂ ಇಲ್ಲ ಬೀಬಿ" ಅಂದಳು ಕಾಯುವವಳು. "ನನ್ನ ಹತ್ರ ಒಂದ್ ಬೀಜಾನೂ ಇಲ್ಲ."

ಬೀಬಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಆದರೆ ಆಕೆಯ ಕಣ್ಣು ಕಾಯುವವಳ ಮೇಲಿರಲಿಲ್ಲ, ಅವಳ ತಲೆಯ ಮೇಲಿಂದ ಆಚೆಗೆ, ಪಾಲಿನ ಓಣಿಯ ಕಡೆಗಿತ್ತು.

ಎಚ್ಚರಾದಾಗ ಆಕೆ ಎದ್ದು ಸೀದಾ ಖಾಜಿಯವರ ಹತ್ತಿರ ಹೋದಳು.

"ಹಜರತ್, ಫಲ ಹಸಿದೋರ ಕೈಗೆ ಹೋದಮ್ಯಾಲ ಅದು ಯಾರದು?"

"ಅವರದ. ಪೂರಾ ಅವರದ" ಅಂದರು ಖಾಜಿ. "ತಿನ್ನಬೌದು, ಮಾರಬೌದು, ಚೆಲ್ಲಬೌದು."

"ಕೊಡಬೌದೇನು?"

ಖಾಜಿ ಗಡ್ಡ ನೀವಿಕೊಂಡರು. "ತಮ್ದು ಅಂದಮ್ಯಾಲ ಕೊಡಬೌದು. ಅದಕ್ಕೇನ್ ಅಡ್ಡಿ?"

"ಕಾಯೋರಿಗೆ ಇಟ್ಕೊಳ್ಳೋ ಹಕ್ಕಿಲ್ಲ, ಮಾರೋ ಹಕ್ಕಿಲ್ಲ. ಬೇಡೋ ಹಕ್ಕು?"

"ಅದನ್ನ ಇಲ್ಲೀತನಕ ಯಾವ ಮುತವಲ್ಲೀನೂ ಕೇಳಿಲ್ಲ ಬೇಟಿ" ಅಂದರು ಖಾಜಿ. "ಹಕ್ಕಿಲ್ಲಂತ ಅಲ್ಲ. ಮಾನ ಅಡ್ಡ ಬಂದಿರಬೇಕು."

ಮರುದಿನ ಬೆಳಿಗ್ಗೆ ಕಾಯುವವಳು ಪಾಲಿನ ಓಣಿಗೆ ಹೋದಳು. ಓಣಿಯ ಬಾಯಲ್ಲೇ ಆಕೆಯ ಕಾಲುಗಳು ನಿಂತುಬಿಟ್ಟವು. ತಿರುಗಿ ಹೋಗಿಬಿಡೋಣ ಅನ್ನಿಸಿತು. ಅಪ್ಪ ಅಂಗೈಯನ್ನು ಕೆಳಮುಖ ಮಾಡಿ ಹಿಡಿದದ್ದು ಇನ್ನೂ ಕೈಯಲ್ಲಿ ಬೆಚ್ಚಗಿತ್ತು. ಆ ಕೈಯನ್ನು ಆಕೆ ತಿರುಗಿಸಿದಳು. ಅಂಗೈಗೆ ಬಿಸಿಲು ತಾಗಿತು. ಹಾಗೆಯೇ ಮುಂದೆ ಚಾಚಿಕೊಂಡು ಮೊದಲನೆಯ ಬಾಗಿಲಿಗೆ ಹೋದಳು.

ಅದು ಉಣ್ಣೆ ತೊಳೆಯುವ ಮುದುಕಿಯ ಗುಡಿಸಲು.

"ಆಯೀ" ಅಂದಳು ಕಾಯುವವಳು, "ಬೇಡಾಕ ಬಂದೀನಿ."

ಮುದುಕಿ ಹಿಂದೆ ಯಾರಾದರೂ ಇದ್ದಾರೇನೋ ಎಂದು ಇಣುಕಿ ನೋಡಿದಳು. "ಯಾರಿಗಿ ಬೇಡಾಕ ಬಂದಿಯವ್ವಾ? ನನಗ? ನನ್ನ ಹತ್ರ ಏನೈತಿ?"

"ಒಂದ್ ಹುಣಸೀ ಬೀಜ. ದೇವರ ಹೆಸರಿಲೆ ಕೊಟ್ರ ತಗೋತೀನಿ. ಕೊಡದಿದ್ರೂ ನಿನಗ ಒಳ್ಳೇದಾಗ್ಲಿ ಅಂದು ಹೋಗ್ತೀನಿ."

"ನಿನ್ನೆ ನೀನ ಹಾಕಿದ್ಯಲ್ಲ ನನ್ನ ಸೆರಗಿಗಿ?"

"ಹೂಂ. ಅವಾಗ ಅದು ನಿಂದಾತು. ನಂದಲ್ಲ. ಅದಕ್ಕ ಬೇಡಾಕತ್ತೀನಿ."

ಮುದುಕಿ ಆ ಚಾಚಿದ ಕೈಯನ್ನೇ ನೋಡುತ್ತ ನಿಂತಳು. ಇಡೀ ಬಾಳು ಕೈಯೊಡ್ಡಿದವಳು ಅವಳು; ತನ್ನ ಮುಂದೆ ಒಂದು ಕೈ ಬಂದು ನಿಂತದ್ದನ್ನು ಕಂಡವಳಲ್ಲ. "ನಿಂದ್ರು" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಹಳ ಹೊತ್ತು ಬಾಗಿಲು ತೆರೆಯಲಿಲ್ಲ. ಓಣಿಯ ಜನ ಒಬ್ಬೊಬ್ಬರಾಗಿ ಹೊರಗೆ ಬಂದು ನೋಡತೊಡಗಿದರು. ಒಳಗೆ ನೀರು ಸುರಿದುಕೊಳ್ಳುವ ಸದ್ದು ಕೇಳಿತು. ಕಾಯುವವಳು ಬಿಸಿಲಿನಲ್ಲಿ ಕೈ ಚಾಚಿಕೊಂಡು ನಿಂತೇ ಇದ್ದಳು, ತೋಳು ಸೋತುಹೋಗಿತ್ತು. ಕೊನೆಗೆ ಬಾಗಿಲು ತೆರೆಯಿತು. ಮುದುಕಿ ಮಿಂದಿದ್ದಳು. ಇದ್ದ ಒಂದು ಒಳ್ಳೆಯ ಸೀರೆ ಉಟ್ಟಿದ್ದಳು. ತಲೆ ಬಾಚಿ ತುರುಬು ಕಟ್ಟಿದ್ದಳು. ಒಂದು ಹಿತ್ತಾಳೆ ತಟ್ಟೆಯನ್ನು ಬೆಳಗಿ, ಅದರ ನಡುವೆ ಆ ಕಪ್ಪು ಬೀಜವನ್ನಿಟ್ಟು ತಂದಿದ್ದಳು.

"ಕೊಡೋರು ಹೊಲಸು ಮೈಲೆ ಕೊಡಬಾರದಲ್ಲೇನವ್ವಾ" ಅಂದಳು. "ನನಗ ರೂಢಿ ಇಲ್ಲ. ತಪ್ಪಾದ್ರ ಹೇಳು."

ಕಾಯುವವಳಿಗೆ ಅಂಗೈಗೆ ಬಿದ್ದ ಬೀಜ ಇಷ್ಟು ಭಾರವಿರುತ್ತದೆಯೇ ಅನ್ನಿಸಿತು. ಈ ಕೈಯಿಂದ ಬೀಜಗಳನ್ನು ರಾಶಿಗಟ್ಟಲೆ ಸುರಿದಿದ್ದಳು, ತೆಗೆದುಕೊಂಡದ್ದು ಇದೇ ಮೊದಲು.

ಎಲ್ಲ ಬಾಗಿಲೂ ಹಾಗೆ ತೆರೆಯಲಿಲ್ಲ. ಕಲಾಯಿಯವನ ತಮ್ಮ ಒಬ್ಬ, ಕುಂಟ, ನಾಲಗೆ ಹರಿತ, ಹೊಸ್ತಿಲಲ್ಲೇ ಕೂತು ಅಂದ: "ಕೊಟ್ಟಂಗ ಮಾಡಿ ಕಸಗೊಳ್ಳಾಕ ಬಂದೀರೇನು? ನಿನ್ನೆ ಕದ್ರಿ, ಇವತ್ತ ಬೇಡಾಕತ್ತೀರಿ. ನಾಳಿಗಿ ಏನ್ ಮಾಡ್ತೀರಿ?"

"ನಾಳಿಗಿ ನೆಡ್ತೀನಪ್ಪಾ" ಅಂದಳು ಆಕೆ. "ನಿನಗ ಒಳ್ಳೇದಾಗ್ಲಿ."

ಮುಂದಿನ ಬಾಗಿಲಿಗೆ ಹೋದಳು. ಒಬ್ಬಳು ಬೀಜವೆಲ್ಲ ಹುರಿದಾಯಿತು ಅಂದಳು. ಒಬ್ಬ ಎರಡು ಕೊಟ್ಟ. ಒಂದು ಮನೆಯಲ್ಲಿ ಗಂಡ ಹೆಂಡತಿ ಯಾವ ಬೀಜ ಚೆನ್ನಾಗಿದೆ ಎಂದು ಜಗಳಾಡಿದರು. ಅಷ್ಟು ಹೊತ್ತೂ ಆಕೆ ನಗು ತಡೆದುಕೊಂಡು ನಿಂತಿದ್ದಳು. ಓಣಿಯ ತುದಿ ಬರುವಷ್ಟರಲ್ಲಿ ಆಕೆಗೆ ನಾಚಿಕೆ ಅನ್ನುವುದೇ ಎಲ್ಲೋ ಉದುರಿಹೋಗಿತ್ತು. ಹಿಂದೆ ತಿರುಗಿ ನೋಡಿದರೆ ಬೀಜ ಕೊಟ್ಟವರೆಲ್ಲ ಹಿಂದೆಯೇ ಬರುತ್ತಿದ್ದರು, ಮಿಂದು ಮಡಿಯುಟ್ಟು, ಮದುವೆಗೆ ಹೊರಟವರ ಹಾಗೆ. ಕೊನೆಗೆ ಆ ಕುಂಟನೂ ಕೋಲೂರಿಕೊಂಡು ಬಂದ. "ನಂದೊಂದು ಬಿಟ್ಟು ತೋಪ ಆಗೂದು ಬ್ಯಾಡ" ಎಂದು ಗೊಣಗುತ್ತ ಒಂದು ಬೀಜವನ್ನು ಆಕೆಯ ಕೈಗೆ ಒತ್ತಿದ.

ಬಿದ್ದ ಮರ ಬಿಟ್ಟುಹೋದ ಗುಂಡಿಯ ಸುತ್ತ ಅವರು ಕೂತರು. ಕಾಯುವವಳು ಪ್ರತಿ ಬೀಜವನ್ನೂ ಕೊಟ್ಟವರ ಕೈಗೇ ಹಿಡಿಸಿ ನೆಡಿಸಿದಳು. ಒಬ್ಬೊಬ್ಬರೂ ಮಣ್ಣಿನ ಮೇಲೆ ಕೈಯಿಟ್ಟು ಹೇಳಿದರು: ಬುಡ ನನ್ನದಲ್ಲ. ಫಲ ಹಸಿದವರದು. ಈವರೆಗೆ ಹಸಿದವರು ತಾವೇ ಆಗಿದ್ದವರು ಆ ಮಾತನ್ನು ಬೇರೆ ಯಾರದೋ ಸಲುವಾಗಿ ಹೇಳುವಾಗ ಅವರ ದನಿಯೇ ಬೇರೆಯಾಗಿತ್ತು. ಮುದುಕಿ ಹೇಳಿ ಮುಗಿಸಿ, "ಇನ್ನ ನಾನೂ ಬೀಬಿ ಆದ್ನಿ ನೋಡ್ರಿ" ಎಂದು ನಕ್ಕಳು. ಯಾರೂ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ.

ನೀರು ಹಾಕಿದರು, ಕಾದರು. ಹಳೆಯ ಮರಗಳು ಇನ್ನೂ ಎರಡು ಮೂರು ಬಿದ್ದವು. ಜನ ಹೆದರಿದರು, ಮತ್ತೆ ಸರಿದು ಕೂತರು, ಮತ್ತೆ ನೀರು ಹಾಕಿದರು. ಒಂದು ಮಧ್ಯಾಹ್ನ, ಸೂರ್ಯ ನೆತ್ತಿಯ ಮೇಲಿರುವಾಗ, ಮುದುಕಿ ಬೀಜ ನೆಟ್ಟ ಜಾಗದಲ್ಲಿ ಮಣ್ಣು ಬಿರಿದು ಎರಡು ದಪ್ಪ ಎಲೆ ಹೊರಗೆ ಬಂದವು. ಬೆರಳುದ್ದದ ಮೊಳಕೆ. ಅದರ ಕೆಳಗೆ ಅಂಗೈಯಷ್ಟಗಲದ ನೆರಳು.

ಜನ ಕಣ್ಣುಜ್ಜಿಕೊಂಡು ನೋಡಿದರು. ಸಾಹುಕಾರನ ಮಾವಿನ ತೋಟಕ್ಕೆ ಇಲ್ಲದ ನೆರಳು, ಊರಿಗೇ ಎತ್ತರದ ಹೊಗೆಗೂಡಿಗೆ ಇಲ್ಲದ ನೆರಳು. ಮುದುಕಿ ಮೊಣಕಾಲೂರಿ ಕೂತು ತನ್ನ ಒಡೆದ ಅಂಗೈಯನ್ನು ಅದರೊಳಗೆ ಇಟ್ಟಳು. "ತಣ್ಣಗೈತಿ" ಅಂದಳು. ಆಮೇಲೆ ಎಲ್ಲರೂ ಸಾಲಾಗಿ ಬಂದು ಒಬ್ಬೊಬ್ಬರಾಗಿ ಅಂಗೈ ಇಟ್ಟು ನೋಡಿ ಹೋದರು.

ಸಾಲಿನ ಕೊನೆಯಲ್ಲಿ ಸಾಹುಕಾರ ನಿಂತಿದ್ದ. ತನ್ನ ಸರದಿ ಬಂದಾಗ ಅವನು ಬಾಗಲಿಲ್ಲ. ಮೊಳಕೆಯನ್ನು ನೋಡಿದ, ಅದರ ಪಕ್ಕದಲ್ಲಿ ಇನ್ನು ಜಾಗವಿಲ್ಲದೆ ಒತ್ತೊತ್ತಾಗಿ ಬಿರಿಯುತ್ತಿದ್ದ ಮಣ್ಣನ್ನು ನೋಡಿದ, ಆಚೆಗೆ ತನ್ನ ಭಟ್ಟಿಯ ವಿಶಾಲವಾದ ಸುಟ್ಟ ನೆಲವನ್ನು ನೋಡಿದ. ತಿರುಗಿ ಹೊರಟುಹೋದ. ಇವನೇನು ಕೊಟ್ಟಾನು ಎಂದು ಮುದುಕರು ಮೂಗು ಮುರಿದರು.

ಹಲವು ದಿನಗಳ ನಂತರ, ಇಳಿಹೊತ್ತಿನಲ್ಲಿ, ಕೆಲಸ ಮಾಡುತ್ತಿದ್ದವರ ಮೇಲೆ ಏನೋ ತಂಪಾಗಿ ಹಾದಂತಾಯಿತು. ತಲೆಯೆತ್ತಿದರು. ಭಟ್ಟಿಯ ಹೊಗೆಗೂಡಿನ ನೆರಳು ಉದ್ದಕ್ಕೆ, ಕಪ್ಪಗೆ, ತೋಪನ್ನು ದಾಟಿ ಬಾವಿಕಟ್ಟೆಯ ತನಕ ಮಲಗಿತ್ತು. ಹೊಗೆ ಇರಲಿಲ್ಲ. ಓಡಿಹೋಗಿ ನೋಡಿದರೆ ಭಟ್ಟಿ ಆರಿತ್ತು, ಅಂಗಳದ ಬೂದಿಯನ್ನೆಲ್ಲ ಮಣ್ಣಿಗೆ ಬೆರೆಸಿ ಹದ ಮಾಡಲಾಗಿತ್ತು. ಸಾಹುಕಾರ ಯಾರನ್ನೂ ಕರೆದಿರಲಿಲ್ಲ, ಶರಬತ್ತು ಮಾಡಿಸಿರಲಿಲ್ಲ. ಹೆಸರಿನ ಕಲ್ಲು ಎಲ್ಲಿಯೂ ಇರಲಿಲ್ಲ. ಬಾಯಿಯಿಂದ ಹೇಳದೆ ಮನಸ್ಸಿನಲ್ಲಿ ಕೊಟ್ಟಿದ್ದ. ಊರಿಗೆ ಸುದ್ದಿ ಹೇಳಿದ್ದು ನೆರಳು.

"ನಾ ಹೆಣಾ ಅಂದಿದ್ನಿ ಬೀಬಿ. ಮನಸಿಗಿ ಹಚಗೋಬ್ಯಾಡ್ರಿ" ಅಂದ ಸಾಹುಕಾರ.

"ನೀವು ಅನ್ನದಿದ್ರ ನಾ ಇನ್ನೂ ಗುಡಿಸಿಕೋತನ ಇರ್ತಿದ್ನಿ" ಅಂದಳು ಆಕೆ. "ಬರ್ರಿ, ಎಲ್ಲಿ ನೆಡೂದು ಹೇಳ್ರಿ."

"ನಾ ಯಾಕ ಹೇಳ್ಲಿ? ನೆಲಾ ನಂದಲ್ಲಲ್ಲ" ಎಂದು ಅವನು ಮೊದಲ ಸಲ ಮನಸಾರೆ ನಕ್ಕ.

ಅಂದಿನಿಂದ ಶುಕ್ರವಾರದ ಕ್ರಮ ಬದಲಾಯಿತು. ಕಾಯುವವಳು ಮೊದಲಿನ ಹಾಗೆಯೇ ಹಂಚುತ್ತಾಳೆ, ಗುಡಿಸುತ್ತಾಳೆ, ಬರಿಗೈ ತೋರಿಸುತ್ತಾಳೆ. ಆಮೇಲೆ ಆ ಬರಿಗೈಯನ್ನು ಹಿಂದಕ್ಕೆ ತೆಗೆಯುವುದಿಲ್ಲ. ಹಾಗೆಯೇ ಚಾಚಿ ನಿಲ್ಲುತ್ತಾಳೆ. ಪಾಲು ಪಡೆದವರು ಒಬ್ಬೊಬ್ಬರಾಗಿ ಬಂದು, ಮನಸ್ಸು ಬಂದವರು, ಒಂದು ಬೀಜ ಇಟ್ಟು ಹೋಗುತ್ತಾರೆ. ಕೊಟ್ಟದ್ದನ್ನು ಈಗಲೂ ಎಣಿಸುವುದಿಲ್ಲ. ನೆಡುವುದನ್ನು ಮಾತ್ರ ಎಲ್ಲರೂ ನೋಡುತ್ತಾರೆ. ಇಟ್ಟಂಗಿ ಸುಡುತ್ತಿದ್ದ ನೆಲದಲ್ಲಿ ಈಗ ಕಂಬಳಿಯ ಹಾಸು ಕಟ್ಟುತ್ತಾರೆ, ಭಟ್ಟಿಯಲ್ಲಿ ಬೆಂಕಿ ಹೊತ್ತವರು ಗಿಡಕ್ಕೆ ನೀರು ಹೊರುತ್ತಾರೆ, ಅವರ ಕೂಲಿ ಓಣಿಯವರು ತಮ್ಮ ಪಾಲಿನಲ್ಲಿ ಮಾರುವ ಹುಣಸೆಯಿಂದಲೇ ಹುಟ್ಟುತ್ತದೆ. ಮುದುಕರು ಅಲ್ಲಿಯೂ ಹೋಗಿ ತಪ್ಪು ಹುಡುಕುತ್ತಾರೆ, ಆದರೆ ಕೂರುವುದು ಎಳೆಯ ಗಿಡಗಳ ನೆರಳಿನಲ್ಲಿಯೇ.

ಒಂದು ಇಳಿಹೊತ್ತು ಕಾಯುವವಳು ಕೆಲಸ ಮುಗಿಸಿ ಮನೆಗೆ ಹೊರಟಿದ್ದಳು. ಬೇಡಿ ಬೇಡಿ ಆಕೆಯ ಬೆನ್ನು ಈಗ ತುಸು ಬಾಗಿತ್ತು. ಅದಕ್ಕಾಗಿ ಆಕೆಗೆ ಬೇಸರವೂ ಇರಲಿಲ್ಲ, ಹಿಂದಿನ ಜಂಬವೂ ಇರಲಿಲ್ಲ. ಓಣಿಯ ನಡುವೆ ಕಾಲಿನ ಹತ್ತಿರ ಏನೋ ಗೊರಗೊರ ಸದ್ದು ಕೇಳಿ ನಿಂತಳು.

ಮುದುಕಿಯ ಕಪ್ಪು ಕೋಳಿ. ಬಾಯಿ ತೆರೆದುಕೊಂಡು ತೇಕುತ್ತ ಓಣಿಯನ್ನು ದಾಟಿ ಬಂದು, ಆಕೆಯ ಹಿಂದೆ ಧೂಳಿನಲ್ಲಿ ಕುಳಿತು, ರೆಕ್ಕೆ ಸಡಿಲಿಸಿ, ಕಣ್ಣು ಮುಚ್ಚಿತು. ಈ ಬಿಸಿಲಿನಲ್ಲಿ ಇದೇಕೆ ಇಲ್ಲಿ ಕೂತಿತು ಎಂದು ಆಕೆ ತಿರುಗಿ ನೋಡಿದಳು. ಕೋಳಿ ಕೂತಲ್ಲಿ ಬಿಸಿಲಿರಲಿಲ್ಲ.

ಆಕೆಗೆ ಮನೆಗೆ ಹೋಗಬೇಕಿತ್ತು, ಒಲೆ ಹಚ್ಚಬೇಕಿತ್ತು. ಆದರೆ ಕಾಲು ಎತ್ತಿದರೆ ಕೋಳಿಗೆ ಎಚ್ಚರವಾಗುತ್ತದೆ. ಆಕೆ ಕಣ್ಣೊರೆಸಿಕೊಂಡು, ಹೊತ್ತು ಮುಳುಗುವ ತನಕ ಅಲ್ಲಾಡದೆ ಅಲ್ಲೇ ನಿಂತಳು.